ಆಳದ ಜಲಾಶಯದಲ್ಲಿ ಶರತ್ಕಾಲದ ಟ್ರೌಟ್: ಫ್ಲೈಗಿಂತ ಮೊದಲು ಆಳವನ್ನು ಹುಡುಕಿ

ಶರತ್ಕಾಲದಲ್ಲಿ ಆಳವಾದ ಜಲಾಶಯಕ್ಕೆ ಗಾಳ ಹಿಡಿದು ಬರುವವರಲ್ಲಿ ಬಹಳ ಮಂದಿ ದಿನವಿಡೀ ಒಂದೇ ತಪ್ಪನ್ನು ಮಾಡುವುದನ್ನು ನಾನು ನೋಡುತ್ತ ಬಂದಿದ್ದೇನೆ. ಟ್ರೌಟ್ ಮೀನು ಕಚ್ಚಲಿಲ್ಲವೆಂದರೆ ಅವರು ಫ್ಲೈಯನ್ನು ಬದಲಾಯಿಸುತ್ತಾರೆ. ಕಪ್ಪನ್ನು ಬಿಚ್ಚಿ ಹಸಿರನ್ನು ಕಟ್ಟುತ್ತಾರೆ, ಹಸಿರನ್ನು ಬಿಚ್ಚಿ ಕಿತ್ತಳೆಯನ್ನು ಕಟ್ಟುತ್ತಾರೆ. ಲೈನು ಮಾತ್ರ ಬೆಳಿಗ್ಗೆ ಹಾಕಿದ್ದೇ ಇರುತ್ತದೆ, ಫ್ಲೈ ಈಜುವ ಆಳವೂ ಬೆಳಗಿನದೇ ಆಗಿರುತ್ತದೆ. ಟ್ರೌಟ್ 20 ಅಡಿ ಕೆಳಗಿದ್ದು ಫ್ಲೈ 4 ಅಡಿಯಲ್ಲಿ ಹಾದುಹೋಗುತ್ತಿದ್ದರೆ ಅದರ ಬಣ್ಣ ಯಾವುದಾದರೂ ಫಲ ಒಂದೇ. ಫ್ಲೈ ಎಂಬುದು ಕೊಕ್ಕೆಗೆ ಗರಿ, ತುಪ್ಪಳ, ದಾರಗಳನ್ನು ಸುತ್ತಿ ಮಾಡಿದ ಕೃತಕ ಹುಳು. ಅದಕ್ಕೆ ಹೇಳಿಕೊಳ್ಳುವಂಥ ತೂಕವಿಲ್ಲ. ಎಸೆಯುವಾಗ ಅದನ್ನು ದೂರಕ್ಕೆ ಒಯ್ಯುವುದೂ ನೀರಿನೊಳಗೆ ಅದನ್ನು ಕೆಳಕ್ಕೆ ಇಳಿಸುವುದೂ ಅದರ ಹಿಂದಿರುವ ದಪ್ಪನೆಯ ಲೈನು. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಲೈನಿಗೆ ಮತ್ತು ಆಳಕ್ಕೆ ಮೀಸಲಾಗಿದೆ.

ನೀರಿನ ಪದರಗಳನ್ನು ತಿಳಿಯುವುದು

ಬೇಸಿಗೆಯ ಕೊನೆಯ ಹೊತ್ತಿಗೆ ಆಳವಾದ ಜಲಾಶಯದ ನೀರು ಮೂರು ಪದರಗಳಾಗಿ ನಿಂತಿರುತ್ತದೆ. ಮೇಲೆ ಬಿಸಿಲಿಗೆ ಕಾದ ಹಗುರ ನೀರು, ತಳದಲ್ಲಿ ತಣ್ಣಗಿನ ಭಾರದ ನೀರು, ಇವೆರಡರ ನಡುವೆ ತಾಪಮಾನ ಥಟ್ಟನೆ ಇಳಿಯುವ ತೆಳುವಾದ ಪದರ. ಈ ನಡುಪದರವನ್ನು ಥರ್ಮೋಕ್ಲೈನ್ ಎನ್ನುತ್ತಾರೆ. ಟ್ರೌಟ್‌ಗೆ ತಂಪು ಬೇಕು, ಸುಮಾರು 10ರಿಂದ 16 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ. 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ. ಹಾಗೆಂದು ಅದು ತಳಕ್ಕೇ ಇಳಿದಿರುತ್ತದೆ ಎಂದು ತಿಳಿಯಬಾರದು. ಮೇಲಿನ ಗಾಳಿಯ ಸಂಪರ್ಕ ತಪ್ಪಿದ ತಳದ ನೀರಿನಲ್ಲಿ ಕೊಳೆಯುವ ಸಸ್ಯಗಳು ಆಮ್ಲಜನಕವನ್ನು ತಿಂಗಳುಗಟ್ಟಲೆ ಹೀರಿಕೊಂಡಿರುತ್ತವೆ; ಅಲ್ಲಿ ತಂಪಿದ್ದರೂ ಉಸಿರಾಡುವುದು ಕಷ್ಟ. ಹೀಗಾಗಿ ಶರತ್ಕಾಲದ ಮೊದಲ ವಾರಗಳಲ್ಲಿ ಮೀನು ಥರ್ಮೋಕ್ಲೈನಿನ ಆಸುಪಾಸಿನಲ್ಲಿ, ಬಹುಮಟ್ಟಿಗೆ ಅದಕ್ಕೆ ಸ್ವಲ್ಪ ಮೇಲೆ ಇರುತ್ತದೆ.

ರಾತ್ರಿಗಳು ತಣ್ಣಗಾಗುತ್ತ ಬಂದಂತೆ ಮೇಲಿನ ನೀರು ತಂಪಾಗಿ, ಭಾರವಾಗಿ, ಕೆಳಕ್ಕೆ ಇಳಿಯತೊಡಗುತ್ತದೆ. ಜೋರು ಗಾಳಿ ಬೀಸಿತೆಂದರೆ ಪದರಗಳ ನಡುವಿನ ಗಡಿ ಅಳಿಸಿಹೋಗಿ ಇಡೀ ಜಲಾಶಯ ಒಂದಾಗಿ ಕಲಕುತ್ತದೆ. ಆ ಕೆಲವು ದಿನ ನೀರು ರಾಡಿಯಾಗಬಹುದು, ಕೊಳೆತ ಮೊಟ್ಟೆಯ ವಾಸನೆ ಬರಬಹುದು. ಅಂಥ ದಿನಗಳಲ್ಲಿ ಮನೆಯಲ್ಲಿರುವುದೇ ಒಳ್ಳೆಯದು. ಕಲಕಾಟ ಮುಗಿದ ಮೇಲೆ ತಾಪಮಾನವೂ ಆಮ್ಲಜನಕವೂ ಮೇಲಿನಿಂದ ಕೆಳಗಿನವರೆಗೆ ಹೆಚ್ಚುಕಡಿಮೆ ಒಂದೇ ಆಗುವುದರಿಂದ ಟ್ರೌಟ್ ಯಾವ ಆಳದಲ್ಲಾದರೂ ಇರಬಹುದು. ಆಗ ಅದನ್ನು ನಡೆಸುವುದು ಆಹಾರ ಮಾತ್ರ.

ಪದರಗಳು ಇನ್ನೂ ಇವೆಯೇ ಎಂದು ತಿಳಿಯಲು ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಇಳಿಸಿ ಎಳೆದುಕೊಳ್ಳುವವರಿದ್ದಾರೆ. ಮೇಲೆ ಬರುವಷ್ಟರಲ್ಲಿ ಅದು ದಾರಿಯ ನೀರಿನ ಬಿಸಿಯನ್ನು ಹಿಡಿದುಕೊಂಡಿರುತ್ತದೆ, ಆದ್ದರಿಂದ ಆ ಅಂಕಿ ನಂಬಲರ್ಹವಲ್ಲ. ಭಾರ ಕಟ್ಟಿದ ಬಾಟಲಿಗೆ ಬಿರಡೆ ಹಾಕಿ, ಬಿರಡೆಗೆ ಬೇರೊಂದು ದಾರ ಕಟ್ಟಿ, ಬೇಕಾದ ಆಳಕ್ಕೆ ಇಳಿಸಿದ ಮೇಲೆ ಬಿರಡೆಯನ್ನು ಕೀಳಿರಿ. ಬಾಟಲಿ ತುಂಬಿದ ಕೂಡಲೇ ಮೇಲೆತ್ತಿ ಅದರೊಳಗೆ ಥರ್ಮಾಮೀಟರ್ ಇಟ್ಟರೆ ಆ ಆಳದ ನೀರಿನ ತಾಪಮಾನ ಸಾಕಷ್ಟು ಸರಿಯಾಗಿ ಸಿಗುತ್ತದೆ. 5 ಅಡಿಗೊಮ್ಮೆ ಹೀಗೆ ನೋಡಿದರೆ ನಡುಪದರ ಎಲ್ಲಿದೆಯೆಂಬುದು ಸ್ಪಷ್ಟವಾಗುತ್ತದೆ.

ಜಾಗವನ್ನು ಆರಿಸುವುದು

ಬೇಸಿಗೆಯಲ್ಲಿ ಬಳಕೆಯಾಗಿ ನೀರಿನ ಮಟ್ಟ ಇಳಿದಿರುವಾಗ ಜಲಾಶಯದ ಅಂಚನ್ನೊಮ್ಮೆ ಸುತ್ತಿ ಬನ್ನಿ. ಮುಳುಗಿದ ಹಳೆಯ ರಸ್ತೆ, ಬೇಲಿಸಾಲು, ಹೊಳೆಯ ಹಳೆಯ ಪಾತ್ರ ಯಾವ ದಿಕ್ಕಿಗೆ ಇಳಿದುಹೋಗುತ್ತವೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಅಣೆಕಟ್ಟಿನ ಗೋಡೆ, ನೀರೆತ್ತುವ ಗೋಪುರ, ದೋಣಿಕಟ್ಟೆ, ಒಣಗಿ ಬೀಳುತ್ತಿರುವ ನೀರುಗಿಡಗಳ ಅಂಚು ಇವೆಲ್ಲ ಈ ಕಾಲದಲ್ಲಿ ಮುಖ್ಯ. ಗಿಡಗಳು ಸಾಯುತ್ತಿದ್ದಂತೆ ಆಸರೆ ತಪ್ಪಿದ ಮೀನುಮರಿಗಳು ಬಯಲು ನೀರಿಗೆ ಬರುತ್ತವೆ, ಅವುಗಳ ಹಿಂದೆ ಟ್ರೌಟ್ ಬರುತ್ತದೆ. ನೀರುಕೋಳಿಗಳೋ ಕಡಲಹಕ್ಕಿಗಳೋ ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಮರಿಗಳಿವೆ ಎಂದೇ ಅರ್ಥ. ಗೋಡೆ ಮತ್ತು ಗೋಪುರದ ಹತ್ತಿರ ಹೋಗಲು ಅನುಮತಿಯಿದೆಯೇ ಎಂದು ಮೊದಲು ವಿಚಾರಿಸಿ. ಮಟ್ಟ ಇಳಿದ ಜಲಾಶಯದ ಅಂಚಿನ ಕೆಸರಿನಲ್ಲಿ ಕಾಲು ಹೂತುಹೋಗುವ ಅಪಾಯವಿದೆ. ಕೋಲಿನಿಂದ ಕುಟ್ಟಿ ನೋಡದೆ ಹೆಜ್ಜೆ ಇಡಬೇಡಿ. ದೋಣಿಯಲ್ಲಿ ಜೀವರಕ್ಷಕ ಜಾಕೆಟ್ ಕಡ್ಡಾಯ. ತಣ್ಣೀರಿಗೆ ಬಿದ್ದವನಿಗೆ ಮೊದಲ ಉಸಿರೇ ಕಟ್ಟುವುದರಿಂದ ಈಜು ಬಲ್ಲವರೂ ಇದನ್ನು ಧರಿಸಲೇಬೇಕು.

ಸಲಕರಣೆ

10 ಅಡಿಯ, 7ನೇ ತೂಕದ, ಅಂದರೆ ಲೈನಿನ ತೂಕದ ಶ್ರೇಣಿಯಲ್ಲಿ 7ಕ್ಕೆ ಹೊಂದುವ ಕೋಲು ಸಾಕು. ರೀಲು ಯಾವುದಾದರೂ ಆದೀತು. ಹಣವನ್ನು ಲೈನಿಗೆ ಇಡಿ. ಮುಳುಗುವ ಲೈನುಗಳ ಮೇಲೆ ಅವು ಸೆಕೆಂಡಿಗೆ ಎಷ್ಟು ಇಂಚು ಇಳಿಯುತ್ತವೆ ಎಂದು ನಮೂದಿಸಿರುತ್ತಾರೆ. 3, 5, 7 ಎಂಬ ಮೂರು ವೇಗಗಳು ಇಟ್ಟುಕೊಳ್ಳಲು ಯೋಗ್ಯವಾದವು, ಒಂದನ್ನೇ ಕೊಳ್ಳುವುದಾದರೆ 5 ಇರಲಿ. ಅಂಕಿಯನ್ನೇ ಹಾಕದೆ "ವೇಗವಾಗಿ ಮುಳುಗುವ ಲೈನು" ಎಂದಷ್ಟೇ ಬರೆದ ಅಗ್ಗದ ಸರಕನ್ನು ಕೊಳ್ಳಬೇಡಿ. ಅಂಥವುಗಳಲ್ಲಿ ಅನೇಕ ವೇಳೆ ದಪ್ಪನೆಯ ನಡುಭಾಗ ಮೊದಲು ಇಳಿದು ತುದಿ ಹಿಂದೆ ಉಳಿಯುತ್ತದೆ, ಲೈನು ಬಿಲ್ಲಿನಂತೆ ಬಾಗುತ್ತದೆ, ಮೀನು ಕಚ್ಚಿದ್ದು ಕೈಗೆ ತಿಳಿಯುವುದೇ ಇಲ್ಲ. ತುದಿಯೂ ನಡುವೂ ಒಂದೇ ವೇಗದಲ್ಲಿ ಇಳಿಯುವಂತೆ ಮಾಡಿದ ಲೈನನ್ನೇ ಕೇಳಿ ಪಡೆಯಿರಿ. ತುದಿ ಮಾತ್ರ ಮುಳುಗಿ ಉಳಿದದ್ದು ತೇಲುವ ಲೈನೊಂದನ್ನು ಎಲ್ಲದಕ್ಕೂ ಆಗುತ್ತದೆಂದು ಬಳಸುವ ಅಡ್ಡದಾರಿಯೂ ಇದೆ. ಆಳದ ನೀರಿನಲ್ಲಿ ಅದು ನಿಷ್ಪ್ರಯೋಜಕ. ಎಳೆದ ಕೂಡಲೇ ತೇಲುವ ಭಾಗವು ಫ್ಲೈಯನ್ನು ಮೇಲಕ್ಕೇ ಒಯ್ಯುತ್ತದೆ.

ಲೈನಿನ ತುದಿಗೂ ಫ್ಲೈಗೂ ನಡುವೆ ಕಟ್ಟುವ ತೆಳುವಾದ ಎಳೆಯೇ ಲೀಡರ್. ಅದಕ್ಕೆ ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ ಎಳೆ ನನ್ನ ಖಚಿತ ಆಯ್ಕೆ. ಅದು ನೈಲಾನಿಗಿಂತ ಸಾಂದ್ರವಾಗಿರುವುದರಿಂದ ಲೈನಿನ ಜೊತೆಯಲ್ಲೇ ಇಳಿಯುತ್ತದೆ. ಗಂಟು ಬಿಗಿಯುವ ಮೊದಲು ಅದನ್ನು ಒದ್ದೆ ಮಾಡಿ. ಉದ್ದ 12 ಅಡಿ, ಫ್ಲೈ ಎರಡು. ಮೂರು ಕಟ್ಟಿ ಸಿಕ್ಕು ಬಿಡಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಎಣಿಸಿ ಇಳಿಸುವುದು

ಇಲ್ಲಿಯೇ ಹೆಚ್ಚಿನವರು ಸೋಲುವುದು, ಆದ್ದರಿಂದ ನಿಧಾನವಾಗಿ ಓದಿ. ಲೈನನ್ನು ಎಸೆದು ಅದು ನೇರವಾಗಿ ಬೀಳುವಂತೆ ನೋಡಿಕೊಳ್ಳಿ. ಸುರುಳಿಯಾಗಿ ಬಿದ್ದರೆ ಒಮ್ಮೆ ಎಳೆದು ನೇರಗೊಳಿಸಿ. ಲೈನು ನೀರಿನ ಮೇಲ್ಮೈಯನ್ನು ಸೀಳಿ ಒಳಗೆ ಹೋದ ಕ್ಷಣದಿಂದ ಎಣಿಕೆ ಆರಂಭಿಸಿ. ಸೆಕೆಂಡಿಗೆ 5 ಇಂಚು ಇಳಿಯುವ ಲೈನು 15 ಅಡಿ ಇಳಿಯಲು 36 ಸೆಕೆಂಡು ತೆಗೆದುಕೊಳ್ಳುತ್ತದೆ. 3 ಇಂಚಿನದಕ್ಕೆ ಅದೇ ಆಳಕ್ಕೆ ಪೂರ್ತಿ ಒಂದು ನಿಮಿಷ ಬೇಕು, 7 ಇಂಚಿನದಕ್ಕೆ ಸುಮಾರು 26 ಸೆಕೆಂಡು ಸಾಕು. 36 ಸೆಕೆಂಡು ಸುಮ್ಮನೆ ಕಾಯುವುದು ಎಷ್ಟು ದೀರ್ಘವೆಂಬುದು ಗಡಿಯಾರ ನೋಡಿದವರಿಗೆ ಮಾತ್ರ ಗೊತ್ತು. ಮನಸ್ಸಿನಲ್ಲೇ ಎಣಿಸುವವರು ಮೊದಲ 10ರ ನಂತರ ಅವಸರಪಡುತ್ತಾರೆ, 30 ಎಂದು ಹೇಳುವಾಗ ನಿಜಕ್ಕೂ 20 ಸೆಕೆಂಡಾಗಿರುತ್ತದೆ. ಕೈಗಡಿಯಾರದ ಮುಳ್ಳನ್ನು ನೋಡಿಯೇ ಎಣಿಸಿ.

ಮೊದಲ ಎಸೆತದಲ್ಲಿ 10ರವರೆಗೆ ಎಣಿಸಿ ಎಳೆಯಿರಿ, ಮುಂದಿನದರಲ್ಲಿ 20, ಆಮೇಲೆ 30. ಹೀಗೆ ಇಳಿಸುತ್ತ ಹೋದಾಗ ಒಂದು ಹಂತದಲ್ಲಿ ಫ್ಲೈಗೆ ತಳದ ಕಳೆ ಅಂಟಿಕೊಂಡು ಬರುತ್ತದೆ. ಆ ಎಣಿಕೆಯಿಂದ 5 ಕಳೆದರೆ ಅದು ನಿಮ್ಮ ಕೆಳಗಿನ ಮಿತಿ. ಪ್ರತಿ ಎಣಿಕೆಗೂ ದಿಕ್ಕು ಬದಲಿಸಿ ಕೆಲವು ಎಸೆತಗಳನ್ನಾದರೂ ಕೊಡಿ. ಮೀನು ಮುಟ್ಟಿದ ಕೂಡಲೇ ಆ ಎಸೆತದ ಎಣಿಕೆ ಎಷ್ಟಿತ್ತೆಂದು ನೆನಪಿಸಿಕೊಂಡು ಅದನ್ನೇ ಮತ್ತೆ ಮತ್ತೆ ಮಾಡಬೇಕು. ಲೈನಿನ ಮೇಲೆ ಬರೆದ ವೇಗ ನಿಖರವಾಗಿಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮ ಎಣಿಕೆ ಪ್ರತಿ ಸಲವೂ ಒಂದೇ ಆಗಿದ್ದರೆ ಫ್ಲೈ ಪ್ರತಿ ಸಲವೂ ಅದೇ ಆಳಕ್ಕೆ ಹೋಗುತ್ತದೆ.

ಎಣಿಸುವ ಹೊತ್ತು ವಿರಾಮದ ಹೊತ್ತಲ್ಲ. ಇಳಿಯುತ್ತಿರುವ ಫ್ಲೈಯನ್ನೇ ಟ್ರೌಟ್ ಹಿಡಿಯುವುದು ಸಾಮಾನ್ಯ. ಕೋಲಿನ ತುದಿಯ ಮುಂದಿನ ಲೈನನ್ನು ಕಣ್ಣಿಟ್ಟು ನೋಡುತ್ತಿರಿ. ಅದು ಅದುರಿದರೆ, ಪಕ್ಕಕ್ಕೆ ಸರಿದರೆ, ಇಳಿಯುವುದನ್ನು ನಿಲ್ಲಿಸಿದರೆ ಕೂಡಲೇ ಎಳೆಯಿರಿ. ದೋಣಿಯಲ್ಲಿದ್ದವರಿಗೆ ಇನ್ನೊಂದು ತೊಡಕಿದೆ. ಗಾಳಿಯ ದಿಕ್ಕಿಗೆ ಎಸೆದಾಗ ದೋಣಿಯೂ ಅದೇ ದಿಕ್ಕಿಗೆ ಸರಿಯುತ್ತ ಲೈನಿನ ಮೇಲೆಯೇ ಬರುತ್ತದೆ, ಲೈನು ಸಡಿಲಗೊಳ್ಳುತ್ತದೆ. ದೋಣಿ ಸರಿದಷ್ಟೇ ಲೈನನ್ನು ಎಣಿಕೆಯ ನಡುವೆಯೂ ಮೆಲ್ಲನೆ ಒಳಗೆಳೆದುಕೊಳ್ಳುತ್ತಿರಬೇಕು, ಅದಕ್ಕಿಂತ ಹೆಚ್ಚು ಎಳೆಯಬಾರದು. ಗಾಳಿ ಜೋರಾಗಿದ್ದರೆ ನೀರಿನಲ್ಲಿ ಬಿಚ್ಚಿಕೊಂಡು ದೋಣಿಯನ್ನು ತಡೆಯುವ ಬಟ್ಟೆಯ ಡ್ರೋಗ್ ಇಳಿಬಿಡಿ. ಅದಿಲ್ಲದೆ 30 ಎಣಿಸುವಷ್ಟರಲ್ಲಿ ಲೈನು ದೋಣಿಯ ಕೆಳಗೇ ಇರುತ್ತದೆ.

ಇನ್ನು ಎಳೆಯುವ ಬಗೆ. 15 ಅಡಿಗೆ ಇಳಿಸಿದ ಫ್ಲೈ ನೀವು ಎಳೆಯತೊಡಗಿದ ಮೇಲೂ ಅಲ್ಲೇ ಉಳಿಯುತ್ತದೆಂದು ಭಾವಿಸುವುದು ದೊಡ್ಡ ತಪ್ಪು. ಅದು ಕೋಲಿನ ತುದಿಯ ಕಡೆಗೆ ಓರೆಯಾಗಿ ಏರುತ್ತ ಬರುತ್ತದೆ. ಬೇಗ ಎಳೆದರೆ ಬೇಗ ಏರುತ್ತದೆ, ತೀರ ನಿಧಾನಿಸಿದರೆ ಲೈನಿನ ಭಾರ ಅದನ್ನು ಇನ್ನೂ ಕೆಳಕ್ಕೆ ಒಯ್ಯುತ್ತದೆ. ಈ ಎರಡು ಬಲಗಳು ಸರಿದೂಗಿದಾಗ ಮಾತ್ರ ಫ್ಲೈ ಮೀನಿರುವ ಪದರದಲ್ಲಿ ಹೆಚ್ಚು ದೂರ ಈಜುತ್ತದೆ. ನಿಧಾನವಾಗಿ ಎಳೆಯುವ ಮನಸ್ಸಿದ್ದರೆ 3ರ ಲೈನು, ಉದ್ದನೆಯ ಬಿರುಸಿನ ಎಳೆತಕ್ಕೆ 7ರ ಲೈನು ಸೂಕ್ತ. ಯಾವುದೇ ಆಗಲಿ, ಕೋಲಿನ ತುದಿ ನೀರಿಗೆ ತಾಗಿರಲಿ, ಸ್ವಲ್ಪ ಮುಳುಗಿದ್ದರೆ ಇನ್ನೂ ಒಳ್ಳೆಯದು. ಕಚ್ಚಿದಾಗ ಕೋಲನ್ನು ಮೇಲೆತ್ತಬೇಡಿ. ಲೈನು ಹಿಡಿದ ಕೈಯಿಂದ ಗಟ್ಟಿಯಾಗಿ ಎಳೆದು, ಭಾರ ಸಿಕ್ಕ ಮೇಲಷ್ಟೇ ಕೋಲನ್ನು ಎತ್ತಿ.

ಎಸೆತದ ಕೊನೆಯಲ್ಲಿ ತೂಗಿ ನಿಲ್ಲಿಸುವುದನ್ನು ಮಾತ್ರ ಬಿಡಲೇಬೇಡಿ. ಲೈನಿನ ತುದಿಯಿಂದ 10 ಮತ್ತು 20 ಅಡಿಗೆ ಬೆರಳಿಗೆ ತಿಳಿಯುವಂತೆ ದಾರ ಸುತ್ತಿ ಗುರುತು ಮಾಡಿಕೊಳ್ಳಿ. ಗುರುತು ಕೈಗೆ ಬಂದಾಗ ಎಳೆಯುವುದನ್ನು ಪೂರ್ತಿ ನಿಲ್ಲಿಸಿ 10ರಿಂದ 20 ಸೆಕೆಂಡು ಹಾಗೆಯೇ ಇರಿ. ಆಳದಿಂದ ಹಿಂಬಾಲಿಸಿ ಬಂದ ಟ್ರೌಟ್ ಫ್ಲೈ ನಿಂತದ್ದನ್ನೋ, ಮತ್ತೆ ಮೆಲ್ಲನೆ ಏರತೊಡಗಿದ್ದನ್ನೋ ಕಂಡು ಹಿಡಿಯುತ್ತದೆ. ಅವಸರದಲ್ಲಿ ಲೈನನ್ನು ಕಿತ್ತು ಮುಂದಿನ ಎಸೆತಕ್ಕೆ ಹೋಗುವವರ ಫ್ಲೈಯ ಹಿಂದೆ ಮೀನೊಂದು ತಿರುಗಿ ಹೋಗುವುದನ್ನು ಪಕ್ಕದಲ್ಲಿ ಕುಳಿತು ನೋಡುವಾಗ ನಿಜಕ್ಕೂ ಬೇಸರವಾಗುತ್ತದೆ.

ಯಾವ ಫ್ಲೈ

ಮೀನುಮರಿಗಳ ಕಾಲವಾದ್ದರಿಂದ ಮೊಲದ ತುಪ್ಪಳದ ಬಾಲವಿರುವ ಉದ್ದನೆಯ ಬಿಳಿ ಫ್ಲೈ ಒಂದಿರಲಿ. ಟ್ರೌಟ್ ಡ್ಯಾಫ್ನಿಯಾ ಎಂಬ ಸೂಕ್ಷ್ಮ ನೀರುಚಿಗಟಗಳನ್ನು ತಿನ್ನುತ್ತಿದ್ದರೆ ಕಿತ್ತಳೆ ಬಣ್ಣದ್ದು ಕೆಲಸಕ್ಕೆ ಬರುತ್ತದೆ. ಇವೆರಡರ ಜೊತೆಗೆ, ಇಂಗ್ಲೆಂಡಿನ ಗಾರ್ಡನ್ ಫ್ರೇಸರ್ ಜನಪ್ರಿಯಗೊಳಿಸಿದ ಬೂಬಿ. ಅದರ ತಲೆಯ ಎರಡೂ ಬದಿಗೆ ತೇಲುವ ಫೋಮಿನ ಗುಂಡುಗಳಿರುತ್ತವೆ; ಮುಳುಗುವ ಲೈನಿಗೆ ಕಟ್ಟಿದಾಗ ಎಳೆದರೆ ಕೆಳಕ್ಕೆ ತೂರುತ್ತದೆ, ನಿಲ್ಲಿಸಿದರೆ ಮೇಲಕ್ಕೆ ಏಳುತ್ತದೆ. ತಳಕ್ಕೆ ಸಮೀಪ ಬೇಕಾದಾಗ ಇದಕ್ಕೆ ಲೀಡರನ್ನು 4 ಅಡಿಗೆ ಕಡಿಮೆ ಮಾಡಿ, ಉದ್ದ ಬಿಟ್ಟರೆ ಅದು ಅಷ್ಟೂ ಎತ್ತರಕ್ಕೆ ತೇಲುತ್ತದೆ. ಬೂಬಿಯನ್ನು ಅಲುಗಾಡಿಸದೆ ಬಿಟ್ಟು ಕೂರುವುದನ್ನು ನಾನು ಒಪ್ಪುವುದಿಲ್ಲ. ನಿಂತ ಬೂಬಿಯನ್ನು ಮೀನು ಗಂಟಲಿನವರೆಗೆ ನುಂಗುತ್ತದೆ, ಬಳಿಕ ಅದನ್ನು ಜೀವಂತ ಬಿಡುವುದು ಸಾಧ್ಯವಾಗುವುದಿಲ್ಲ. ಹಿಡಿದು ಬಿಡುವ ನಿಯಮವಿರುವ ಅನೇಕ ಕಡೆ ಇದಕ್ಕೆ ನಿಷೇಧವೂ ಇದೆ.

ಹಿಡಿದ ಮೇಲೆ

ಮೀನು ದೋಣಿಯ ಅಡಿಗೆ ನುಗ್ಗಿದರೆ ಕೋಲಿನ ತುದಿಯನ್ನು ನೀರಿನೊಳಗೆ ಇಳಿಸಿ ದಾರಿ ಬಿಡಿ. ಬಿಡುವ ಮೀನನ್ನು ಬಲೆಯೊಳಗೇ, ನೀರಿನಲ್ಲೇ ಇಟ್ಟು ಮುಳ್ಳಿಲ್ಲದ ಕೊಕ್ಕೆಯನ್ನು ತೆಗೆಯಿರಿ. ಬ್ರೌನ್ ಟ್ರೌಟ್ ಶರತ್ಕಾಲದ ಕೊನೆಗೆ ಮೊಟ್ಟೆಯಿಡುವ ಜಾತಿ. ಬಣ್ಣ ಕಡುವಾಗಿ ಹೊಟ್ಟೆ ತುಂಬಿದ ಮೀನನ್ನು ನಿಯಮ ಅನುಮತಿಸಿದರೂ ಒಯ್ಯಬೇಡಿ. ಅನೇಕ ಜಲಾಶಯಗಳಲ್ಲಿ ಬ್ರೌನ್ ಹಿಡಿಯಲು ಅನುಮತಿಯಿರುವ ಅವಧಿ ಇನ್ನೊಂದು ಜಾತಿಯಾದ ರೇನ್‌ಬೋ ಟ್ರೌಟ್‌ನದಕ್ಕಿಂತ ಮೊದಲೇ ಮುಗಿಯುತ್ತದೆ ಎಂಬುದೂ ನೆನಪಿರಲಿ.

ಒಯ್ಯುವ ಮೀನನ್ನು ತಲೆಗೆ ಒಂದೇ ಬಲವಾದ ಪೆಟ್ಟಿನಿಂದ ಕೊಂದು, ಉದ್ದನೆಯ ತೆಳು ಚಮಚವನ್ನು ಗಂಟಲಿನ ಮೂಲಕ ಹೊಟ್ಟೆಗಿಳಿಸಿ ತಿರುಗಿಸಿ ಹೊರತೆಗೆಯಿರಿ. ಅದರಲ್ಲಿ ಬಂದದ್ದನ್ನು ಬಿಳಿಯ ತಟ್ಟೆಯ ನೀರಿನಲ್ಲಿ ಬಿಡಿಸಿ ನೋಡಿ. ಮರಿಗಳಿದ್ದರೆ ಗೋಡೆ, ಗೋಪುರ, ಗಿಡಗಳ ಅಂಚನ್ನು ಬಿಟ್ಟು ಕದಲಬೇಡಿ. ಮಸುಕು ಲೋಳೆಯಂತೆ ಡ್ಯಾಫ್ನಿಯಾ ಕಂಡರೆ ನಿಮ್ಮ ಎಣಿಕೆ ದಿನದುದ್ದಕ್ಕೂ ಬದಲಾಗುತ್ತಿರಬೇಕು. ಈ ಜೀವಿಗಳು ಬೆಳಕಿನಿಂದ ದೂರ ಸರಿಯುವಂಥವು. ಬಿಸಿಲೇರಿದಂತೆ ಕೆಳಕ್ಕೆ ಇಳಿಯುತ್ತವೆ, ಮೋಡ ಕವಿದಾಗ ಮತ್ತು ಸಂಜೆ ಮೇಲಕ್ಕೆ ಏರುತ್ತವೆ, ಟ್ರೌಟ್ ಅವುಗಳ ಜೊತೆಗೇ ಇರುತ್ತದೆ. ಮಧ್ಯಾಹ್ನ 40ರ ಎಣಿಕೆಗೆ ಕಚ್ಚುತ್ತಿದ್ದ ಮೀನು ನಾಲ್ಕು ಗಂಟೆಯ ಹೊತ್ತಿಗೆ ನಿಂತುಹೋದರೆ ಫ್ಲೈ ಪೆಟ್ಟಿಗೆಯನ್ನು ತೆರೆಯಬೇಡಿ; ಮುಂದಿನ ಎಸೆತಕ್ಕೆ 30 ಎಣಿಸಿ, ಅದರ ಮುಂದಿನದಕ್ಕೆ 20.