ಹೋಟೆಲ್ ಬಿಲ್ಲಿನ ಕೂರ್‌ಟಾಕ್ಸೆ ಮತ್ತು ಶೀರ್ಕೆ ಎಂಬ ಊರು

ಜರ್ಮನಿಯ ಬೆಟ್ಟದ ಊರುಗಳಿಗೆ ಮೊದಲ ಸಲ ಹೋದ ನಮ್ಮವರು ಹೋಟೆಲ್ ಬಿಲ್ ನೋಡಿ ತಕರಾರು ತೆಗೆಯುವುದುಂಟು. ರೂಮಿನ ದುಡ್ಡು ಆಗಲೇ ಕಟ್ಟಿದ್ದೇವೆ, ಮತ್ತೆ ತಲೆಗಿಷ್ಟು, ರಾತ್ರಿಗಿಷ್ಟು ಅಂತ ಯಾಕೆ? ಅದು ಕೂರ್‌ಟಾಕ್ಸೆ. ಹೋಟೆಲಿನವರು ವಸೂಲಿ ಮಾಡಿ ಊರಿನ ಆಡಳಿತಕ್ಕೆ ಕಟ್ಟುತ್ತಾರೆ. ‘ಕೂರ್’ ಅಂದರೆ ಆರೈಕೆ. ಒಳ್ಳೆ ಗಾಳಿಗೆಂದು ಜನ ಬಂದು ತಂಗುವ ಊರುಗಳು ಈ ದುಡ್ಡಿನಿಂದಲೇ ಪಾರ್ಕು, ಕಾಡುದಾರಿಗಳನ್ನು ನೋಡಿಕೊಳ್ಳುತ್ತವೆ.

ಹಾರ್ಟ್ಸ್ ಬೆಟ್ಟಸಾಲಿನ ಶೀರ್ಕೆ ಅಂಥದ್ದೊಂದು ಪುಟ್ಟ ಊರು. 1141 ಮೀಟರ್ ಎತ್ತರದ ಬ್ರೋಕನ್ ಬೆಟ್ಟದ ಬುಡದಲ್ಲಿದೆ. 1899ರಲ್ಲಿ ಬೆಟ್ಟದ ತುದಿಯವರೆಗೆ ಉಗಿ ರೈಲು ಓಡಿತು. ಹಣವಂತರು ಬರತೊಡಗಿದರು, ಸ್ವಿಟ್ಜರ್ಲೆಂಡಿನ ಶ್ರೀಮಂತರ ಬೆಟ್ಟದೂರಿನ ನೆನಪಲ್ಲಿ ‘ಉತ್ತರದ ಸೇಂಟ್ ಮೊರಿಟ್ಸ್’ ಅನ್ನುವ ಹೆಸರೂ ಬಂತು.

ಆಮೇಲಿನ ಕಥೆ ಕೇಳಿದರೆ ಸಂಕಟವಾಗುತ್ತದೆ. ದೇಶ ಎರಡಾದಾಗ ಊರು ಪೂರ್ವ ಜರ್ಮನಿಗೆ ಸೇರಿತು, ಗಡಿ ಪಕ್ಕದಲ್ಲೇ ಬಂತು. 1952ರಿಂದ ಶೀರ್ಕೆ ನಿಷೇಧಿತ ವಲಯ. ಕಾರ್ಮಿಕ ಸಂಘದ ವಿಶ್ರಾಂತಿಗೃಹಕ್ಕೆ ರಜೆಗೆ ಬರುವವರೂ ಪರ್ಮಿಟ್ ಹಿಡಿದೇ ಬರಬೇಕು. 1961ರಲ್ಲಿ ಬ್ರೋಕನ್ ತುದಿಗೆ ಹೋಗುವುದೂ ನಿಂತಿತು. ಅಲ್ಲಿ ಸೈನಿಕರು, ಸುತ್ತ ಎರಡಾಳೆತ್ತರದ ಕಾಂಕ್ರೀಟ್ ಗೋಡೆ. ಊರಿನವರು ದಿನಾ ತಲೆಯೆತ್ತಿ ನೋಡುತ್ತಿದ್ದ ಬೆಟ್ಟ, ಹತ್ತುವಂತಿಲ್ಲ! 1989ರ ಡಿಸೆಂಬರ್ 3ರಂದು ಜನ ನಡೆದೇ ಮೇಲೆ ಹೋದರು, ಗೇಟು ತೆರೆಸಿದರು. 1991ರಲ್ಲಿ ರೈಲು ಮತ್ತೆ ತುದಿ ಮುಟ್ಟಿತು. 2009ರಿಂದ ಶೀರ್ಕೆ ವೆರ್ನಿಗೆರೋಡೆ ನಗರದ ಭಾಗ.

ಹಾಗಾಗಿ ಇವತ್ತು ಅಲ್ಲಿ ತಂಗುವವರ ಕೈಗೆ ಸಿಗುವ ಗೆಸ್ಟ್ ಕಾರ್ಡನ್ನು ನಾನು ಸುಮ್ನೆ ಚೀಟಿ ಅಂದುಕೊಳ್ಳುವುದಿಲ್ಲ. ಕೂರ್‌ಟಾಕ್ಸೆ ಕೊಟ್ಟು ತಂಗಿದವರು ಅದರ ಮೇಲೆ ‘ಹಾಟಿಕ್ಸ್’ (ಹಾರ್ಟ್ಸ್ ಪ್ರವಾಸಿಗರ ಬಸ್ ಟಿಕೆಟ್) ಗುರುತು ಇದೆಯಾ ನೋಡಿಕೊಳ್ಳಿ. ಇದ್ದರೆ ಅಲ್ಲಿನ ಜಿಲ್ಲಾ ಬಸ್ಸುಗಳಲ್ಲಿ ಟಿಕೆಟ್ ಬೇಡ. ಎಷ್ಟೋ ಜನ ಕಾರ್ಡು ಜೇಬಲ್ಲಿಟ್ಟುಕೊಂಡೇ ಬಸ್ಸಿಗೆ ದುಡ್ಡು ಕೊಡುತ್ತಾರೆ. ಬ್ರೋಕನ್ ರೈಲಿಗೆ ಮಾತ್ರ ಇದು ನಡೆಯುವುದಿಲ್ಲ, ದೇಶದ ಸ್ಥಳೀಯ ಬಸ್ಸು, ರೈಲುಗಳ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಕೂಡ ನಡೆಯುವುದಿಲ್ಲ. ಅದರ ಟಿಕೆಟ್ಟು ಬೇರೆ, ದುಬಾರಿ ಕೂಡ.

ಇನ್ನೊಂದು ವಿಷಯ. ರೂಮಿಗೆ ಹೋದಾಗ ತುಂಬಬೇಕಾದ ಮೆಲ್ಡೆಶೈನ್ ಫಾರ್ಮ್ (ತಂಗುವವರ ವಿವರದ ನೋಂದಣಿ) 2025ರಿಂದ ಜರ್ಮನ್ ಪೌರರಿಗೆ ಕಡ್ಡಾಯವಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಈಗಲೂ ಬೇಕು, ಹಾಗಾಗಿ ಪಾಸ್‌ಪೋರ್ಟ್ ಮರೆಯಬೇಡಿ. ಮಕ್ಕಳಿಗೆ ಕೂರ್‌ಟಾಕ್ಸೆ ಕಡಿಮೆ ಇರಬಹುದು, ವಯಸ್ಸಿನ ಲೆಕ್ಕ ಊರೂರಿಗೆ ಬೇರೆ, ಕೇಳಿ ನೋಡಿ.

ಶೀರ್ಕೆ ಸ್ಟೇಷನ್ ಊರಿಗಿಂತ ಮೇಲೆ ಕಾಡಿನೊಳಗಿದೆ, ಏರು ಹತ್ತಬೇಕು. ಅಜ್ಜ ಅಜ್ಜಿ ಜೊತೆಗಿದ್ದರೆ ಸ್ವಲ್ಪ ಬೇಗ ಹೊರಡಿ. ಬೇಸಿಗೆಯಲ್ಲೂ ಜಾಕೆಟ್ ಇರಲಿ. ಬ್ರೋಕನ್ ತುದಿಯಲ್ಲಿ ವರ್ಷಕ್ಕೆ ಸುಮಾರು 300 ದಿನ ಮಂಜು ಕವಿದಿರುತ್ತದೆ.