ಅಂಚಿನ ಪಿಲ್ಲರ್‌ನಲ್ಲಿ ಬೀಮಿನ ಕಂಬಿ ಜಾರದಂತೆ ಕೂರಿಸುವುದು ಹೇಗೆ?

ಬೆಂಗಳೂರಿನ 30×40 ನಿವೇಶನಗಳಲ್ಲಿ ಮನೆ ಕಟ್ಟಿಸುವವರು ಕಂಬಿ ಎಷ್ಟು ದಪ್ಪ, ಎಷ್ಟು ಟನ್ ಎಂದು ಮೇಸ್ತ್ರಿಯೊಡನೆ ಗಂಟೆಗಟ್ಟಲೆ ಚರ್ಚಿಸುತ್ತಾರೆ. ಆದರೆ ಬೀಮಿನ ಮೇಲ್ಭಾಗದ ಕಂಬಿ ಅಂಚಿನ ಪಿಲ್ಲರ್‌ನೊಳಗೆ ಎಷ್ಟು ಉದ್ದ ಹೂತಿದೆ ಎಂದು ಟೇಪು ಹಿಡಿದು ನೋಡುವವರು ವಿರಳ. ಎಳೆತ ಹೆಚ್ಚಿರುವುದು ಅಲ್ಲಿಯೇ. ಹಿಡಿತ ಸಾಲದಿದ್ದರೆ ಎಂಥ ದಪ್ಪ ಕಂಬಿಯೂ ತನ್ನ ಪೂರ್ಣ ಬಲಕ್ಕೆ ಬರುವ ಮೊದಲೇ ಜಾರುತ್ತದೆ.

ಕಂಬಿಯ ಮೈಮೇಲಿನ ಉಬ್ಬುಗೆರೆಗಳು ಕಾಂಕ್ರೀಟನ್ನು ಒತ್ತಿ ಹಿಡಿಯುವುದರಿಂದಲೇ ಹಿಡಿತದ ಬಹುಪಾಲು ಬರುತ್ತದೆ. ಅದೇ ಒತ್ತಡ ಹೊರಮುಖವಾಗಿಯೂ ತಳ್ಳಿ, ಕಂಬಿಯ ಗುಂಟ ಕಾಂಕ್ರೀಟನ್ನು ಸೀಳಲು ನೋಡುತ್ತದೆ. ಆದ್ದರಿಂದ ಕವರ್ (ಕಂಬಿಯ ಹೊರಗಿರುವ ಕಾಂಕ್ರೀಟಿನ ಪದರ) ಮತ್ತು ಕಂಬಿಗಳನ್ನು ಸುತ್ತಿ ಕಟ್ಟುವ ರಿಂಗುಗಳೂ ಹಿಡಿತದ ಭಾಗವೇ ಆಗಿವೆ.

ಮೊದಲು ಉದ್ದವನ್ನು ಲೆಕ್ಕ ಹಾಕಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456:2000ರ ಪ್ರಕಾರ ಎಫ್‌ಇ 500 ದರ್ಜೆಯ ಕಂಬಿಗೆ ಎಂ20 ದರ್ಜೆಯ ಕಾಂಕ್ರೀಟಿನಲ್ಲಿ ವ್ಯಾಸದ ಸುಮಾರು 57 ಪಟ್ಟು, ಅದಕ್ಕಿಂತ ಬಲವಾದ ಎಂ25ರಲ್ಲಿ ಸುಮಾರು 49 ಪಟ್ಟು ಉದ್ದ ಬೇಕು. 'ಎಲ್ಲದಕ್ಕೂ 50 ಡಿ (ವ್ಯಾಸದ 50 ಪಟ್ಟು) ಸಾಕು' ಎನ್ನುವ ಬಾರ್ ಬೆಂಡರ್‌ಗಳ ಮಾತು ಎಂ20ರಲ್ಲಿ ನಿಲ್ಲುವುದಿಲ್ಲ.

ಎರಡನೆಯ ಹಂತ ಆ ಉದ್ದವನ್ನು ಪಿಲ್ಲರ್‌ನೊಳಗೆ ಕೂರಿಸುವುದು, ಕೆಲಸ ಕೆಡುವುದು ಅಲ್ಲಿಯೇ. 16 ಮಿ.ಮೀ. ಕಂಬಿಗೆ ಎಂ20ರಲ್ಲಿ ಸುಮಾರು 910 ಮಿ.ಮೀ. ಬೇಕು, ಒಂಬತ್ತು ಇಂಚಿನ ಪಿಲ್ಲರ್‌ನಲ್ಲಿ 40 ಮಿ.ಮೀ. ಕವರ್ ಕಳೆದರೆ ಉಳಿಯುವುದು 190 ಮಿ.ಮೀ. ಮಾತ್ರ. ಹಾಗಾಗಿ ಕಂಬಿಯನ್ನು ಪಿಲ್ಲರ್‌ನ ಹೊರಬದಿಯವರೆಗೂ ಒಯ್ದು, ಪಿಲ್ಲರ್ ಕಂಬಿಗಳ ಒಳಗಡೆಯೇ ಕೆಳಕ್ಕೆ ಬಗ್ಗಿಸಬೇಕು. 90 ಡಿಗ್ರಿ ಬಾಗಿಗೆ ವ್ಯಾಸದ 8 ಪಟ್ಟು, ಅಂದರೆ 128 ಮಿ.ಮೀ. ಲೆಕ್ಕಕ್ಕೆ ಸಿಗುತ್ತದೆ. ಬಾಗಿನ ತಿರುವಿಗೆ ಹೋಗುವ ಜಾಗವನ್ನೂ ಗಣಿಸಿದರೆ, ಕೆಳಗಿಳಿಯುವ ನೇರ ಕಾಲು ಎರಡು ಅಡಿಗಿಂತ ಹೆಚ್ಚೇ ಇರಬೇಕಾಗುತ್ತದೆ. ಬೀಮಿನ ಆಳವೋ ಒಂದೂವರೆ ಅಡಿ. ಅಷ್ಟರಲ್ಲಿ ಪಿಲ್ಲರ್‌ಗೆ ಬೀಮಿನ ತಳದವರೆಗೂ ಕಾಂಕ್ರೀಟ್ ತುಂಬಿ ಗಟ್ಟಿಯಾಗಿರುತ್ತದೆ. ಕಾಲು ಇಳಿಯಲು ಜಾಗವಿಲ್ಲದೆ ಕಟರ್‌ಗೆ ಕೆಲಸ ಸಿಗುತ್ತದೆ. ಮೇಲೆ ಕಾಂಕ್ರೀಟ್ ಬಿದ್ದ ಮೇಲೆ ಇದು ಯಾರಿಗೂ ಕಾಣುವುದಿಲ್ಲ.

ಆದ್ದರಿಂದ ಈ ಮಾತನ್ನು ಪಿಲ್ಲರ್ ತುಂಬುವ ಮೊದಲೇ ಎಂಜಿನಿಯರರೊಡನೆ ತೀರ್ಮಾನಿಸಿಕೊಳ್ಳಬೇಕು. ಪಿಲ್ಲರ್‌ನ ಕಾಂಕ್ರೀಟನ್ನು ಕಾಲು ಇಳಿಯುವಷ್ಟು ಕೆಳಗೇ ನಿಲ್ಲಿಸಿ ಉಳಿದದ್ದನ್ನು ಬೀಮಿನೊಂದಿಗೆ ಹಾಕುವುದು ಒಂದು ದಾರಿ. ನನಗೆ ಮೆಚ್ಚುಗೆಯಾದದ್ದು ಇನ್ನೊಂದು: ಎಂ25 ಕಾಂಕ್ರೀಟ್, ಮತ್ತು 16ರ ಎರಡು ಕಂಬಿಗಳ ಬದಲು 12ರ ನಾಲ್ಕು. ಉಕ್ಕಿನ ಅಡ್ಡಕೊಯ್ತ 402ರಿಂದ 452 ಚದರ ಮಿ.ಮೀ.ಗೆ ಏರುತ್ತದೆ, ಬೇಕಾದ ಉದ್ದ 590 ಮಿ.ಮೀ.ಗೆ ಇಳಿಯುತ್ತದೆ, ಕಾಲು ಬೀಮಿನ ಆಳದಲ್ಲಿಯೇ ಹೆಚ್ಚೂಕಡಿಮೆ ಹಿಡಿಸುತ್ತದೆ. ಆದರೆ ಬೀಮಿನ ಅಗಲದಲ್ಲಿ ನಾಲ್ಕು ಕಂಬಿಗಳ ನಡುವೆ ಜಲ್ಲಿ ಇಳಿಯುವಷ್ಟು ಸಂದು ಉಳಿಯುವಂತೆ ನೋಡಿಕೊಳ್ಳಿ.

ಬಗ್ಗಿಸುವಾಗ ಕಂಬಿಯನ್ನು ಕಾಯಿಸಲು ಬಿಡಬೇಡಿ. ಟಿಎಂಟಿ ಕಂಬಿಯ ಬಲ ಹದಗೊಂಡ ಹೊರಪದರದಲ್ಲಿದ್ದು, ಬೆಂಕಿಗೆ ಅದು ಕೆಡುತ್ತದೆ. ಗುಜರಿ ಕರಗಿಸಿ ಮಾಡಿದ, ಉಬ್ಬುಗೆರೆ ಸವೆದಂತಿರುವ ಅಗ್ಗದ ಕಂಬಿ ಸೈಟಿಗೆ ಬಂದರೆ ಲಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿ. ಕಂಬಿಯ ಮಾನಕವಾದ ಐಎಸ್ 1786ರ ಗುರುತಿಲ್ಲದ್ದು ಬೇಡವೇ ಬೇಡ. ತೆಳು ತುಕ್ಕಿನಿಂದ ತೊಂದರೆಯಿಲ್ಲ, ಉದುರುವ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ಸೆಂಟ್ರಿಂಗ್ ಹಲಗೆಗೆ ಬಳಿಯುವ ಎಣ್ಣೆ ಕಂಬಿಗೆ ತಾಗಿದ್ದರೆ ಪೂರ್ತಿ ಒರೆಸಿರಿ.

ಬೀಮ್ ಮತ್ತು ಪಿಲ್ಲರ್ ಕೂಡುವೆಡೆ ರಿಂಗ್ ಕಟ್ಟುವುದು ಕಷ್ಟವೆಂದು ಬಹುತೇಕ ಬಿಟ್ಟುಬಿಡುತ್ತಾರೆ. ಬಾಗಿನ ಒಳಮೈ ಕಾಂಕ್ರೀಟನ್ನು ಸೀಳುವಂತೆ ಒತ್ತುವುದು ಆ ಜಾಗದಲ್ಲಿಯೇ ಆದ್ದರಿಂದ, ಬೀಮಿನ ಕಂಬಿ ತೂರಿಸುವ ಮೊದಲೇ ಅಲ್ಲಿನ ರಿಂಗುಗಳನ್ನು ಪೋಣಿಸಿಟ್ಟುಕೊಳ್ಳಿ. ಕವರ್‌ಗೆ ಜಲ್ಲಿ ಚೂರು ಇಡದೆ ಸಿದ್ಧ ಬ್ಲಾಕ್ ಇಡಿ. ವೈಬ್ರೇಟರ್ ಸೂಜಿಯನ್ನು ಬಾಗಿನ ಹಿಂದೆಯೂ ಇಳಿಸಿ. ಮೇಲಿನ ಕಂಬಿಗಳ ಅಡಿಯಲ್ಲಿ ನೀರು ಮತ್ತು ಗಾಳಿ ಸೇರಿ ಪೊಳ್ಳಾಗುವುದು ಸಾಮಾನ್ಯ. ಸ್ಲಂಪ್ (ಹಸಿ ಕಾಂಕ್ರೀಟಿನ ಸಡಿಲತೆ) ಸಾಲದೆಂದು ಅಲ್ಲಿಗೆ ನೀರು ಸುರಿಯಲು ಯಾರಾದರೂ ಬಕೆಟ್ ಎತ್ತಿದರೆ ಅಲ್ಲಿಯೇ ತಡೆಯಿರಿ.