ಎರಡು ಸೀಸನ್ ಮೂಗಿನ ಸ್ಪ್ರೇ ತಪ್ಪಾಗಿ ಹೊಡೆದೆ

ದಾವಣಗೆರೆ ಎಪಿಎಂಸಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಕ್ಟೋಬರ್ ಬಂತೆಂದರೆ ಎಲ್ಲಿ ನೋಡಿದರೂ ಮೆಕ್ಕೆಜೋಳದ ರಾಶಿ, ಅದರ ದೂಳು. ಕಾಂಪೌಂಡ್ ಪಕ್ಕ ಕಾಂಗ್ರೆಸ್ ಗಿಡ ಬೇರೆ ಹೂ ಬಿಟ್ಟಿರುತ್ತದೆ. ಬೆಳಿಗ್ಗೆ ಷಟರ್ ಎತ್ತುವಾಗಲೇ ಸಾಲಾಗಿ ಹದಿನೈದು ಸೀನು. ರೈತರು ಚೀಟಿ ಹಿಡಿದು ನಿಂತಿದ್ದರೆ ನಾನು ಕರ್ಚೀಫು ಹಿಡಿದು ನಿಂತಿರುತ್ತಿದ್ದೆ.

ಮೊದಲು ನಾನೇ ಮೆಡಿಕಲ್ಲಿಗೆ ಹೋಗಿ ಮೂಗು ಬಿಡಿಸುವ ಡ್ರಾಪ್ಸ್ ತಂದೆ. ಐದು ನಿಮಿಷದಲ್ಲಿ ಮೂಗು ಬಿಟ್ಟುಕೊಳ್ಳುತ್ತಿತ್ತು. ಮೂರು ವಾರ ಬಿಡದೆ ಹಾಕಿದೆ. ಆಮೇಲೆ ಅದಿಲ್ಲದೆ ನಿದ್ದೆಯೇ ಇಲ್ಲ. ಕ್ಸೈಲೊಮೆಟಜೊಲಿನ್ ಥರದ ಡ್ರಾಪ್ಸ್ ದಿನಗಟ್ಟಲೆ ಹಾಕಿದರೆ ಮೂಗು ತಿರುಗಿ ಇನ್ನೂ ಜಾಸ್ತಿ ಕಟ್ಟುತ್ತದೆ ಎಂದು ಇಎನ್‌ಟಿ ಡಾಕ್ಟರ್ ಹೇಳಿದ ಮೇಲೇ ಗೊತ್ತಾಗಿದ್ದು.

ಅವರು ಅದನ್ನು ಬಿಡಿಸಿ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಬರೆದರು. ಮನೆಯಲ್ಲಿ ಅವ್ವ, “ಸ್ಟೀರಾಯ್ಡಾ? ಮೈ ಊದ್ಕೊಳ್ಳುತ್ತೆ ಕಣಪ್ಪಾ” ಎಂದು ಗಾಬರಿಯಾದಳು. ನಾನು ಲೆಕ್ಕದವನಲ್ವಾ, ಲೆಕ್ಕ ಹಾಕಿ ತೋರಿಸಿದೆ. ಒಂದು ಪಫ್ ಅಂದರೆ 50 ಮೈಕ್ರೋಗ್ರಾಂ. ಹೊಳ್ಳೆಗೆ ಎರಡರಂತೆ ದಿನಕ್ಕೆ 200. ಒಂದು ಮಿಲಿಗ್ರಾಂ ಆಗಲು ಐದು ದಿನ ಬೇಕು. ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ.

ಆದರೆ ಮೂರು ದಿನವಾದರೂ ಏನೂ ಆಗಲಿಲ್ಲ. ಸುಮ್ನೆ ದುಡ್ಡು ದಂಡ ಎಂದುಕೊಂಡು ಸೀನು ಬಂದ ದಿನ ಮಾತ್ರ ಹೊಡೆಯುತ್ತಿದ್ದೆ. ಮುಂದಿನ ಸೀಸನ್ನಿಗೆ ಕರ್ಚೀಫಿನಲ್ಲಿ ರಕ್ತದ ಗೆರೆ ಕಾಣಿಸಿತು. ಅದೂ ಬಲಗಡೆ ಹೊಳ್ಳೆಯಿಂದ ಮಾತ್ರ.

“ಹೆಂಗೆ ಹೊಡೀತೀರಿ ತೋರ್ಸಿ” ಎಂದರು ಡಾಕ್ಟರ್. ತಲೆ ಹಿಂದಕ್ಕೆ ಎತ್ತಿ, ಬಲಗೈಯಲ್ಲಿ ಬಲ ಹೊಳ್ಳೆಗೆ ಹೊಡೆದು, ಸೊರ್ ಎಂದು ಎಳೆದೆ. “ಇದೇನು ನಶ್ಯ ಅಂದ್ಕೊಂಡ್ರಾ?” ಎಂದು ನಕ್ಕರು. ಹಾಗೆ ಎಳೆದರೆ ಔಷಧಿ ಗಂಟಲಿಗೆ ಇಳಿಯುತ್ತದೆ. ಬಲಗೈಯಲ್ಲಿ ಬಲ ಹೊಳ್ಳೆಗೆ ಹಿಡಿದರೆ ತುದಿ ಮೂಗಿನ ನಡುವಿನ ಗೋಡೆಗೆ ತಿರುಗುತ್ತದೆ. ಪ್ರತಿ ಸಲ ಔಷಧಿ ಅಲ್ಲೇ ಬಿದ್ದು ಆ ಗೋಡೆ ಒಣಗಿ ರಕ್ತ ಬಂದಿತ್ತು.

ಈಗ ಹೀಗೆ ಮಾಡುತ್ತೇನೆ. ಸ್ನಾನ ಆದ ಮೇಲೆ ಸಲೈನ್ ಉಪ್ಪುನೀರಿನಿಂದ ಮೂಗು ತೊಳೆದು, ಸ್ವಲ್ಪ ಹೊತ್ತು ಬಿಟ್ಟು, ಬಾಟಲಿ ಅಲ್ಲಾಡಿಸುತ್ತೇನೆ. ತುಂಬಾ ದಿನ ಮುಟ್ಟಿರದಿದ್ದರೆ ಮಂಜಿನಂತೆ ಬರುವವರೆಗೂ ಮೊದಲು ಗಾಳಿಗೆ ಹೊಡೆಯುತ್ತೇನೆ. ತಲೆ ಸ್ವಲ್ಪ ಮುಂದಕ್ಕೆ. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ತುದಿ ಅದೇ ಕಡೆಯ ಕಿವಿಯತ್ತ. ಹೂವಿನ ವಾಸನೆ ನೋಡುವಷ್ಟೇ ಮೆಲ್ಲಗೆ ಉಸಿರು. ಮೊದಮೊದಲು ಎಡಗೈಯಲ್ಲಿ ಒತ್ತಲು ಹೋಗಿ ಎರಡು ಸಲ ಮೀಸೆಗೇ ಹೊಡೆದುಕೊಂಡೆ.

ಹೋದ ವರ್ಷ ಆವಕ ಶುರುವಾಗುವ ಎರಡು ವಾರ ಮುಂಚೆಯೇ, ಸೀನು ಇಲ್ಲದಾಗಲೇ ದಿನಾ ಹಾಕಿದೆ. ಹದಿನೈದು ಸೀನು ಎರಡಕ್ಕೋ ಮೂರಕ್ಕೋ ಇಳಿಯಿತು. ಕಣ್ಣಿನ ತುರಿಕೆ ಪೂರ್ತಿ ಹೋಗಿಲ್ಲ. ರಾಶಿ ಹತ್ತಿರ ಹೋಗುವಾಗ ಈಗಲೂ ಮಾಸ್ಕ್ ಬೇಕು. ಜನವರಿಯಲ್ಲಿ ಆವಕ ಕಡಿಮೆಯಾದ ಮೇಲೆ ಡಾಕ್ಟರನ್ನು ಕೇಳಿ ಒಂದೊಂದು ಪಫ್‌ಗೆ ಇಳಿಸಿದೆ.